ತಾಳೆಯಾಗದ ಲೆಕ್ಕ ಮತ್ತು ಕ್ಷೇತ್ರದ ಪ್ರತಿನಿಧಿ

ದಿನದ ವಹಿವಾಟು ಮುಗಿದು ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಹಣವೂ ಕಿರ್ದಿಯ ಮೊತ್ತವೂ ತಾಳೆಯಾಗದಿದ್ದರೆ ವರ್ತಕನಿಗೆ ನಿದ್ರೆ ಬರುವುದಿಲ್ಲ. ಹತ್ತು ರೂಪಾಯಿಯ ವ್ಯತ್ಯಾಸವಿದ್ದರೂ ಮತ್ತೊಮ್ಮೆ ಎಣಿಸುತ್ತಾನೆ, ಚೀಟಿಗಳನ್ನು ತಿರುವಿ ಹಾಕುತ್ತಾನೆ. ಆದರೆ ಎಣಿಕೆ ಸರಿಯಾಗಿಯೇ ಇದ್ದು, ಲೆಕ್ಕ ಬರೆಯುವ ಯಂತ್ರವೇ ತಪ್ಪಿದ್ದರೆ? ಆ ಯಂತ್ರವನ್ನು ಒದಗಿಸಿದ ಸಂಸ್ಥೆಯೇ ದೂರುದಾರನೂ ತನಿಖೆದಾರನೂ ಆಗಿ ನ್ಯಾಯಾಲಯದಲ್ಲಿ ಎದುರು ನಿಂತರೆ? ಬ್ರಿಟನ್ನಿನಲ್ಲಿ 1999ರಿಂದ 2015ರವರೆಗಿನ ಅವಧಿಯಲ್ಲಿ 900ಕ್ಕೂ ಹೆಚ್ಚು ಮಂದಿ ಸಣ್ಣ ವ್ಯಾಪಾರಸ್ಥರು ಮತ್ತು ಅವರ ಸಹಾಯಕರು ಇಂತಹ ಲೆಕ್ಕದ ಆಧಾರದ ಮೇಲೆ ಅಪರಾಧಿಗಳೆನಿಸಿಕೊಂಡರು. ಆ ದೇಶದ ನ್ಯಾಯಾಂಗದ ಇತಿಹಾಸದಲ್ಲಿಯೇ ಇಷ್ಟು ವ್ಯಾಪಕವಾದ ಅನ್ಯಾಯ ನಡೆದಿರಲಿಲ್ಲವೆಂದು ಈಗ ಹೇಳಲಾಗುತ್ತದೆ.

ನ್ಯಾಯಾಲಯಗಳು ಈ ವರ್ತಕರ ಮಾತನ್ನು ನಂಬುವುದಕ್ಕೆ ಹತ್ತು ವರ್ಷ ಮುಂಚೆಯೇ ಅದನ್ನು ಕುಳಿತು ಕೇಳಿದವರಲ್ಲಿ ಅವರ ಕ್ಷೇತ್ರಗಳ ಕೆಲವು ಸಂಸತ್ ಸದಸ್ಯರಿದ್ದರು. ಜನಪ್ರತಿನಿಧಿಯೊಬ್ಬನು ತನ್ನ ಕ್ಷೇತ್ರದ ಒಬ್ಬ ವರ್ತಕನಿಗಾಗಿ ಏನನ್ನು ಮಾಡಬಲ್ಲನು, ಏನನ್ನು ಮಾಡಲಾರನು ಎಂಬುದನ್ನು ಅರಿಯಲು ಈ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಂಗಡಿಯೊಳಗಿನ ಅಂಚೆ ಕಚೇರಿ

ಬ್ರಿಟನ್ನಿನ ಹಳ್ಳಿಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ ಅಂಚೆ ಕಚೇರಿಗೆ ಸಾಮಾನ್ಯವಾಗಿ ಪ್ರತ್ಯೇಕ ಕಟ್ಟಡವಿರುವುದಿಲ್ಲ. ದಿನಸಿ, ಪತ್ರಿಕೆ, ಬ್ರೆಡ್ಡು ಮಾರುವ ಅಂಗಡಿಯ ಒಂದು ಮೂಲೆಯಲ್ಲಿ ಅಂಚೆಯ ಕೌಂಟರ್ ಇರುತ್ತದೆ; ಅಂಚೆಚೀಟಿ, ಪಾರ್ಸಲ್, ಪಿಂಚಣಿ ಬಟವಾಡೆ, ಬಿಲ್ಲುಗಳ ಪಾವತಿ ಎಲ್ಲವೂ ಅಲ್ಲಿಯೇ. ಇದನ್ನು ನಡೆಸುವವರಿಗೆ ಸಬ್ ಪೋಸ್ಟ್‌ಮಾಸ್ಟರ್ ಎಂದು ಹೆಸರು. ಹೆಸರು ಸರ್ಕಾರಿ ಹುದ್ದೆಯದಾದರೂ ಅವರು ನೌಕರರಲ್ಲ. ಸರ್ಕಾರದ ಒಡೆತನದ ಪೋಸ್ಟ್ ಆಫೀಸ್ ಸಂಸ್ಥೆಯೊಂದಿಗೆ ಕರಾರು ಮಾಡಿಕೊಂಡು, ಸ್ವಂತ ಉಳಿತಾಯವನ್ನು ಅಂಗಡಿಗೆ ಹಾಕಿ, ಲಾಭನಷ್ಟಗಳಿಗೆ ತಾವೇ ಹೊಣೆಯಾದ ವರ್ತಕರು. ಭಾರತೀಯ ಮೂಲದ ಕುಟುಂಬಗಳು ಈ ವ್ಯಾಪಾರದಲ್ಲಿ ಬಹಳ ಇವೆ. ಸರ್ರೆ ಜಿಲ್ಲೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಅಂಚೆ ಅಂಗಡಿ ನಡೆಸುತ್ತಿದ್ದ ಸೀಮಾ ಮಿಶ್ರಾ ಅವರು 2010ರ ನವೆಂಬರ್‌ನಲ್ಲಿ ಗರ್ಭಿಣಿಯಾಗಿದ್ದಾಗಲೇ 15 ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದರು. ಅಂದು ಅವರ ಮಗನ ಹತ್ತನೆಯ ಹುಟ್ಟುಹಬ್ಬವಾಗಿತ್ತು.

1999ರಿಂದ ಈ ಎಲ್ಲ ಅಂಗಡಿಗಳಿಗೆ ಹೊರೈಜನ್ ಎಂಬ ಗಣಕೀಕೃತ ಲೆಕ್ಕದ ವ್ಯವಸ್ಥೆ ಬಂದಿತು. ಇದನ್ನು ಜಪಾನಿನ ಫುಜಿತ್ಸು ಕಂಪನಿಯ ಒಡೆತನದ ಬ್ರಿಟಿಷ್ ಸಂಸ್ಥೆಯೊಂದು ಸಿದ್ಧಪಡಿಸಿತ್ತು. ಅಲ್ಲಿಯವರೆಗೆ ಕಾಗದದ ಮೇಲೆ ವಾರದ ಲೆಕ್ಕ ಕೂಡಿಸುತ್ತಿದ್ದವರಿಗೆ ಪರದೆಯ ಮೇಲೆ ಕೊರತೆಗಳು ಕಾಣತೊಡಗಿದವು. ಎಲ್ಲಿಂದ ಬಂತು ಎಂದು ಹುಡುಕಲು ಅವರಿಗೆ ದಾರಿಯಿರಲಿಲ್ಲ. ವಹಿವಾಟಿನ ಮೂಲ ದಾಖಲೆ ಸಂಸ್ಥೆಯ ಬಳಿ ಇತ್ತು.

ಕರಾರಿನಲ್ಲಿ ಇದ್ದ ಮಾತು ಇಷ್ಟು: ಸಬ್ ಪೋಸ್ಟ್‌ಮಾಸ್ಟರರ ನಿರ್ಲಕ್ಷ್ಯ, ಅಜಾಗರೂಕತೆ ಅಥವಾ ತಪ್ಪಿನಿಂದ ಆದ ನಷ್ಟವನ್ನು ಅವರೇ ತುಂಬಿಕೊಡಬೇಕು. ಸಂಸ್ಥೆ ಆಚರಣೆಯಲ್ಲಿ ಇದನ್ನು ತಿರುಗಿಸಿಬಿಟ್ಟಿತು. ಕೊರತೆ ಕಂಡಿತೆಂದರೆ ತುಂಬಬೇಕು. ತಪ್ಪು ತಮ್ಮದಲ್ಲವೆಂದಾದರೆ ಅದನ್ನು ಅವರೇ ಸಾಬೀತುಪಡಿಸಬೇಕು. ಕರಾರಿಗೆ ಸಹಿ ಹಾಕುವಾಗ ಇಂತಹ ಷರತ್ತುಗಳ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುವುದು ವರ್ತಕರ ಸಾಮಾನ್ಯ ರೂಢಿ. ಈ ಒಂದು ಸಾಲಿನ ಅರ್ಥವನ್ನು ನಿರ್ಧರಿಸಲು ಕೊನೆಗೆ ಉಚ್ಚ ನ್ಯಾಯಾಲಯವೇ ಬೇಕಾಯಿತು. ಸಹಾಯವಾಣಿಗೆ ಕರೆ ಮಾಡಿದವರಿಗೆ ಬರುತ್ತಿದ್ದ ಉತ್ತರವೂ ಒಂದೇ: ಇಂತಹ ತೊಂದರೆ ನಿಮ್ಮೊಬ್ಬರಿಗೆ ಮಾತ್ರ, ಬೇರೆ ಯಾರಿಗೂ ಇಲ್ಲ.

ಸೌತ್ ವಾರ್ನ್‌ಬರೋ ಗ್ರಾಮದ ಅಂಗಡಿ

ಹ್ಯಾಂಪ್‌ಶೈರಿನ ಸೌತ್ ವಾರ್ನ್‌ಬರೋ ಒಂದು ಸಣ್ಣ ಗ್ರಾಮ. ಅಲ್ಲಿ ಅಂಗಡಿ, ಉಪಾಹಾರ ಗೃಹ ಮತ್ತು ಅಂಚೆ ಕೌಂಟರ್ ಮೂರನ್ನೂ ಜೋ ಹ್ಯಾಮಿಲ್ಟನ್ ನಡೆಸುತ್ತಿದ್ದರು. ಒಂದು ದಿನ ಲೆಕ್ಕದಲ್ಲಿ ಸುಮಾರು 2,000 ಪೌಂಡ್ ಕೊರತೆ ಕಂಡಿತು. ಸಹಾಯವಾಣಿಯವರು ಹೇಳಿದಂತೆಯೇ ಗುಂಡಿಗಳನ್ನು ಒತ್ತಿದರು. ನೋಡುತ್ತಿದ್ದಂತೆಯೇ ಕೊರತೆ ಇಮ್ಮಡಿಯಾಯಿತು. ಮುಂದೆ ಕೊರತೆ ಬೆಳೆಯುತ್ತಲೇ ಹೋಯಿತು. ಮನೆಯನ್ನು ಮತ್ತೆ ಅಡಮಾನವಿಟ್ಟು ಹಣ ತುಂಬಿದರು. ಕೊನೆಗೆ ಅಂಗಡಿಯ ಬಾಗಿಲು ತೆರೆದಿರಬೇಕೆಂಬ ಒಂದೇ ಕಾರಣಕ್ಕೆ, ಲೆಕ್ಕ ತಾಳೆಯಾಗಿದೆಯೆಂದು ದಾಖಲಿಸಿ ಸಹಿ ಹಾಕತೊಡಗಿದರು. ಕಾನೂನಿನ ದೃಷ್ಟಿಯಲ್ಲಿ ಅದು ಸುಳ್ಳು ಲೆಕ್ಕ ಬರೆದ ಅಪರಾಧ.

ಇಲ್ಲಿ ಇಂಗ್ಲೆಂಡಿನ ಕಾನೂನಿನ ಒಂದು ವಿಶೇಷವನ್ನು ಗಮನಿಸಬೇಕು. ಅಲ್ಲಿ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ಮತ್ತೊಬ್ಬರ ಮೇಲೆ ಸ್ವತಃ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಪೋಸ್ಟ್ ಆಫೀಸ್ ಸಂಸ್ಥೆಗೆ ತನ್ನದೇ ತನಿಖೆದಾರರಿದ್ದರು, ತನ್ನದೇ ವಕೀಲರಿದ್ದರು. ಪೊಲೀಸರು ನಡುವೆ ಬರಬೇಕಾದ ಅಗತ್ಯವೇ ಇರಲಿಲ್ಲ. ಸುಮಾರು 36,000 ಪೌಂಡ್ ಕದ್ದ ಆರೋಪವನ್ನು ಹ್ಯಾಮಿಲ್ಟನ್ ಅವರ ಮೇಲೆ ಹೊರಿಸಲಾಯಿತು. ಸುಳ್ಳು ಲೆಕ್ಕದ ಆರೋಪವನ್ನು ಒಪ್ಪಿ ಹಣ ತುಂಬಿಕೊಟ್ಟರೆ ಕಳವಿನ ಆರೋಪವನ್ನು ಕೈಬಿಡುವುದಾಗಿ ತಿಳಿಸಲಾಯಿತು. ಯಂತ್ರವನ್ನು ಮಾತ್ರ ದೂರಬಾರದು. ಸೆರೆಮನೆಯ ಭಯದಿಂದ ಅವರು ಒಪ್ಪಿದರು. ಊರಿನವರು ಹಣ ಕೂಡಿಸಿ ಕೊಟ್ಟರು. 2008ರಲ್ಲಿ ಶಿಕ್ಷೆ ವಿಧಿಸುವ ದಿನ ವಿಂಚೆಸ್ಟರ್‌ನ ನ್ಯಾಯಾಲಯಕ್ಕೆ ಗ್ರಾಮದ ಹತ್ತಾರು ಮಂದಿ ಬಂದು ಕುಳಿತಿದ್ದರು. ಯಾರ ಹಣವನ್ನು ಅವರು ಕದ್ದರೆನ್ನಲಾಯಿತೋ ಆ ಗಿರಾಕಿಗಳೇ ಅವರ ಪರವಾಗಿ ನಿಂತಿದ್ದರು. ಸೆರೆವಾಸ ತಪ್ಪಿತು, ಆದರೆ ಅಪರಾಧಿ ಎಂಬ ಹೆಸರು ಉಳಿಯಿತು.

ವಾರಾಂತ್ಯದ 'ಸರ್ಜರಿ'

ಬ್ರಿಟನ್ನಿನ ಸಂಸತ್ ಸದಸ್ಯರು ತಮ್ಮ ಕ್ಷೇತ್ರದಲ್ಲಿ ನಡೆಸುವ ಅಹವಾಲು ಸಭೆಗೆ ಸರ್ಜರಿ ಎಂಬ ಹೆಸರಿದೆ. ಆ ದೇಶದಲ್ಲಿ ವೈದ್ಯರು ರೋಗಿಗಳನ್ನು ನೋಡುವ ಕೊಠಡಿಗೂ ಇದೇ ಹೆಸರು. ಸಾಮಾನ್ಯವಾಗಿ ಶುಕ್ರವಾರ ಇಲ್ಲವೆ ಶನಿವಾರ, ಪಕ್ಷದ ಕಚೇರಿಯಲ್ಲಿಯೋ ಗ್ರಂಥಾಲಯದಲ್ಲಿಯೋ ಚರ್ಚಿನ ಸಭಾಂಗಣದಲ್ಲಿಯೋ ಸದಸ್ಯರು ಕುಳಿತಿರುತ್ತಾರೆ. ಜನರು ಒಬ್ಬೊಬ್ಬರಾಗಿ ಒಳಗೆ ಬಂದು ತಮ್ಮ ತೊಂದರೆ ಹೇಳಿಕೊಳ್ಳುತ್ತಾರೆ. ವಸತಿ, ವೀಸಾ, ತೆರಿಗೆ, ಪಿಂಚಣಿ ಹೀಗೆ ವಿಷಯ ಯಾವುದಾದರೂ ಆಗಬಹುದು. ಬಂದವರು ಮತ ಹಾಕಿದ್ದು ಯಾರಿಗೆ ಎಂದು ಕೇಳುವ ಪದ್ಧತಿಯಿಲ್ಲ. ಈ ಸಭೆಗಳು ಅಪಾಯವಿಲ್ಲದ ಕೆಲಸವೇನೂ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಡೇವಿಡ್ ಅಮೆಸ್ ಅವರು ಚರ್ಚ್ ಒಂದರಲ್ಲಿ ಸರ್ಜರಿ ನಡೆಸುತ್ತಿದ್ದಾಗಲೇ ಕೊಲೆಯಾದರು.

ಸದಸ್ಯರ ಕೈಯಲ್ಲಿರುವ ಅಧಿಕಾರ ಬಹಳ ಕಡಿಮೆ. ಅಧಿಕಾರಿಗೆ ಆಜ್ಞೆ ಮಾಡುವಂತಿಲ್ಲ; ನ್ಯಾಯಾಲಯದ ಮುಂದಿರುವ ವಿಷಯದಲ್ಲಿ ಕೈ ಹಾಕುವಂತಿಲ್ಲ. ಅವರಲ್ಲಿರುವುದು ಉತ್ತರ ಪಡೆಯುವ ಶಕ್ತಿ. ಸದಸ್ಯರು ಸಚಿವರಿಗೆ ಬರೆದ ಪತ್ರಕ್ಕೆ ಸಚಿವರ ಸಹಿಯ ಉತ್ತರ ಬರುವುದು ಅಲ್ಲಿನ ಸಂಪ್ರದಾಯ. ಉತ್ತರ ಸಮಾಧಾನ ತರದಿದ್ದರೆ ಸದನದಲ್ಲಿ ಪ್ರಶ್ನೆ, ಅದೂ ಸಾಲದಿದ್ದರೆ ಚರ್ಚೆ. ಚರ್ಚೆಗೆ ಸಚಿವರೊಬ್ಬರು ಎದ್ದು ನಿಂತು ಉತ್ತರಿಸಲೇಬೇಕು, ಮತ್ತು ಅದು ಶಾಶ್ವತವಾಗಿ ಕಡತದಲ್ಲಿ ಉಳಿಯುತ್ತದೆ. ನಮ್ಮ ಶಾಸನಸಭೆಗಳ ಪ್ರಶ್ನೋತ್ತರ ಅವಧಿ, ಅರ್ಧ ಗಂಟೆಯ ಚರ್ಚೆ, ಅರ್ಜಿಗಳ ಸಮಿತಿ ಮೊದಲಾದವು ಈ ವೆಸ್ಟ್‌ಮಿನ್‌ಸ್ಟರ್ ಪರಂಪರೆಯಿಂದಲೇ ಬಂದವು. ಸದನದಲ್ಲಿ ಸಚಿವರು ಕೊಟ್ಟ ಮಾತು ನೆರವೇರಿತೇ ಎಂದು ನೋಡುವ ಸರ್ಕಾರಿ ಭರವಸೆಗಳ ಸಮಿತಿಯಂತೂ ಭಾರತೀಯ ಶಾಸನಸಭೆಗಳ ಸ್ವಂತ ಕೊಡುಗೆ. ಕರ್ನಾಟಕದ ವರ್ತಕರು ಶಾಸಕರ ಬಳಿ ಶಿಫಾರಸು ಪತ್ರ ಕೇಳಿಕೊಂಡು ಹೋಗುವಷ್ಟು ಸಲ ಒಂದು ಪ್ರಶ್ನೆ ಕೇಳಿರೆಂದು ಹೋಗುವುದಿಲ್ಲ ಎಂಬುದು ಬೇರೆ ಮಾತು.

ಸೌತ್ ವಾರ್ನ್‌ಬರೋ ಗ್ರಾಮ ಸೇರಿದ್ದ ಈಶಾನ್ಯ ಹ್ಯಾಂಪ್‌ಶೈರ್ ಕ್ಷೇತ್ರದ ಸದಸ್ಯರು ಕನ್ಸರ್ವೇಟಿವ್ ಪಕ್ಷದ ಜೇಮ್ಸ್ ಆರ್ಬತ್‌ನಾಟ್. ಹಿರಿಯ ಸದಸ್ಯರು, ಆಗ ಸಂಸತ್ತಿನ ರಕ್ಷಣಾ ಸಮಿತಿಯ ಅಧ್ಯಕ್ಷರು. 2009ರಲ್ಲಿ ಸಮೀಪದ ಓಡಿಯಂ ಎಂಬ ಊರಿನ ಸಬ್ ಪೋಸ್ಟ್‌ಮಾಸ್ಟರ್ ಒಬ್ಬರು ಇದೇ ಬಗೆಯ ಕೊರತೆಯ ದೂರಿನೊಂದಿಗೆ ಅವರ ಬಳಿಗೆ ಬಂದರು. ಹ್ಯಾಮಿಲ್ಟನ್ ಅವರ ಕಥೆಯೂ ತಲುಪಿತು. ಕೆಲವೇ ಮೈಲಿಗಳ ಅಂತರದ ಎರಡು ಅಂಗಡಿಗಳು, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ವರ್ತಕರು, ಒಂದೇ ದೂರು. ಇಬ್ಬರಿಗೂ ನಿಮ್ಮೊಬ್ಬರಿಗೆ ಮಾತ್ರ ಎಂಬ ಅದೇ ಉತ್ತರ ಸಿಕ್ಕಿತ್ತು. ಇಡೀ ಪ್ರಕರಣದ ಬೀಗದ ಕೈ ಇದ್ದದ್ದು ಇಲ್ಲಿಯೇ. ಒಬ್ಬ ವರ್ತಕನಿಗೆ ತನ್ನ ಲೆಕ್ಕ ಮಾತ್ರ ಕಾಣುತ್ತದೆ. ನ್ಯಾಯಾಧೀಶರಿಗೆ ತಮ್ಮ ಮುಂದಿನ ಒಂದು ಪ್ರಕರಣ ಮಾತ್ರ ಕಾಣುತ್ತದೆ. ಎರಡು ದೂರುಗಳು ಒಂದೇ ಮೇಜಿನ ಮೇಲೆ ಬಂದು ಬೀಳುವ ಸ್ಥಳ ಕ್ಷೇತ್ರದ ಪ್ರತಿನಿಧಿಯದು.

ಆರ್ಬತ್‌ನಾಟ್ ಅವರು ವಾಣಿಜ್ಯ ಸಚಿವರಾಗಿದ್ದ ಪೀಟರ್ ಮ್ಯಾಂಡಲ್ಸನ್ ಅವರಿಗೆ ಪತ್ರ ಬರೆದರು. ಇದು ಸಂಸ್ಥೆಯ ದೈನಂದಿನ ಕಾರ್ಯನಿರ್ವಹಣೆಗೆ ಸೇರಿದ ವಿಷಯ, ಸಂಸ್ಥೆಯನ್ನೇ ಕೇಳಬೇಕು ಎಂಬ ಅರ್ಥದ ಉತ್ತರ ಸರ್ಕಾರದಿಂದ ಬಂದಿತು. ಒಡೆತನ ಸರ್ಕಾರದ್ದು, ಹೊಣೆ ಮಾತ್ರ ಸಂಸ್ಥೆಯದು! ನಿಗಮ ಮಂಡಳಿಗಳ ಕಚೇರಿಗಳಲ್ಲಿ ಓಡಾಡಿದ ಉದ್ದಿಮೆದಾರರಿಗೆ ಈ ಉತ್ತರದ ಧಾಟಿ ಹೊಸದೆನಿಸಲಾರದು.

ಬಿಡಿ ದೂರುಗಳು ಕೂಡಿದ್ದು

ಅದೇ ವರ್ಷ ಬೇರೆ ಕಡೆಗಳಲ್ಲಿಯೂ ಚಲನೆ ಆರಂಭವಾಗಿತ್ತು. ವೇಲ್ಸ್‌ನ ಲ್ಯಾಂಡಡ್ನೊ ಬಳಿ ಅಂಚೆ ಅಂಗಡಿ ನಡೆಸುತ್ತಿದ್ದ ಆಲನ್ ಬೇಟ್ಸ್ ಅವರು ಸುಮಾರು 1,200 ಪೌಂಡಿನ ಕೊರತೆಯನ್ನು ತುಂಬಲು ಒಪ್ಪದೆ, ಆಕ್ಷೇಪಗಳನ್ನು ಬರಹದಲ್ಲಿಯೇ ಇಟ್ಟು, 2003ರಲ್ಲಿ ಕರಾರನ್ನು ಕಳೆದುಕೊಂಡಿದ್ದರು. ಅವರ ಮೇಲೆ ಮೊಕದ್ದಮೆ ಬೀಳಲಿಲ್ಲವೆಂಬುದು ಗಮನಾರ್ಹ. ಒಪ್ಪದ ಲೆಕ್ಕವನ್ನು ಒಪ್ಪಿದಂತೆ ಸಹಿ ಹಾಕಿದವರೇ ಹೆಚ್ಚಾಗಿ ಸಿಕ್ಕಿಕೊಂಡರು. 2009ರ ಮೇ ತಿಂಗಳಲ್ಲಿ 'ಕಂಪ್ಯೂಟರ್ ವೀಕ್ಲಿ' ಎಂಬ ವೃತ್ತಿಪತ್ರಿಕೆ ಇಂತಹ ಏಳು ಮಂದಿಯ ಕಥೆಯನ್ನು ಪ್ರಕಟಿಸಿತು. ನವೆಂಬರ್‌ನಲ್ಲಿ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಂಗಣದಲ್ಲಿ ಬೇಟ್ಸ್ ಅವರ ಕರೆಯ ಮೇರೆಗೆ ತೊಂದರೆಗೊಳಗಾದವರು ಸೇರಿ ಒಂದು ಸಂಘ ಕಟ್ಟಿದರು. 2010ರಲ್ಲಿ ಅಂಚೆ ವ್ಯವಹಾರಗಳ ಸಚಿವ ಎಡ್ ಡೇವಿ ಅವರು ಭೇಟಿಯಿಂದ ಪ್ರಯೋಜನವಿಲ್ಲವೆಂದು ಬೇಟ್ಸ್ ಅವರಿಗೆ ಮೊದಲು ಬರೆದರು. ಆಗ್ರಹದ ಮೇಲೆ ಅದೇ ವರ್ಷ ಭೇಟಿಗೆ ಒಪ್ಪಿದರು.

ಆರ್ಬತ್‌ನಾಟ್ ಅವರಿಗೆ ಒಂದು ಸಾಂಪ್ರದಾಯಿಕ ಅಡಚಣೆಯಿತ್ತು. ಒಬ್ಬ ಸದಸ್ಯ ಮತ್ತೊಬ್ಬ ಸದಸ್ಯನ ಕ್ಷೇತ್ರದ ಮತದಾರರ ಅಹವಾಲನ್ನು ಕೈಗೆತ್ತಿಕೊಳ್ಳುವಂತಿಲ್ಲ ಎಂಬುದು ಕಾಮನ್ಸ್ ಸಭೆಯ ಗಟ್ಟಿಯಾದ ನಡವಳಿಕೆ. ದೇಶದಾದ್ಯಂತದಿಂದ ಬರುವ ದೂರುಗಳನ್ನು ಅವರೊಬ್ಬರೇ ನಡೆಸುವಂತಿರಲಿಲ್ಲ. ಆದ್ದರಿಂದ ಇತರ ಸದಸ್ಯರನ್ನು ಕರೆದು, ನಿಮ್ಮ ಕ್ಷೇತ್ರದಲ್ಲಿಯೂ ಇಂಥವರು ಇದ್ದಾರೆಯೇ ಎಂದು ಕೇಳಿದರು. ಅಡಚಣೆಯೇ ಇಲ್ಲಿ ಅನುಕೂಲವಾಯಿತೆನ್ನಬೇಕು. ಪ್ರತಿಯೊಬ್ಬ ಸದಸ್ಯರೂ ತಮ್ಮ ಊರಿನ ಒಂದೊಂದು ಕಡತ ಹಿಡಿದು ಬಂದಾಗ, ನಿಮ್ಮೊಬ್ಬರಿಗೆ ಮಾತ್ರ ಎಂಬ ಮಾತು ತಾನಾಗಿ ಬಿದ್ದುಹೋಯಿತು. ಲೇಬರ್ ಪಕ್ಷದ ಕೆವನ್ ಜೋನ್ಸ್ ಅವರು ನಾರ್ತ್ ಡರ್ಹಂ ಕ್ಷೇತ್ರದ ತಮ್ಮ ಮತದಾರರೊಬ್ಬರ ಪ್ರಕರಣದಿಂದ ಈ ಹೋರಾಟಕ್ಕೆ ಬಂದವರು. ಸದನದಲ್ಲಿ ಎದುರುಬದುರು ಕೂರುವ ಈ ಇಬ್ಬರೂ ಈ ವಿಷಯದಲ್ಲಿ ವರ್ಷಗಟ್ಟಲೆ ಜೊತೆಯಾಗಿ ದುಡಿದರು.

2012ರಲ್ಲಿ ಸದಸ್ಯರು ಸಂಸ್ಥೆಯ ಮುಖ್ಯಸ್ಥರೊಂದಿಗೆ ಸಭೆ ನಡೆಸಿದರು. ಅದರ ಫಲವಾಗಿ ಸೆಕೆಂಡ್ ಸೈಟ್ ಎಂಬ ಸ್ವತಂತ್ರ ಲೆಕ್ಕ ತನಿಖಾ ಸಂಸ್ಥೆಯ ನೇಮಕವಾಯಿತು. 2013ರ ಜುಲೈನಲ್ಲಿ ಬಂದ ಮಧ್ಯಂತರ ವರದಿಯಲ್ಲಿ ಎರಡು ಮಾತುಗಳಿದ್ದವು. ಇಡೀ ತಂತ್ರಾಂಶವೇ ಕೆಟ್ಟಿದೆ ಎನ್ನುವುದಕ್ಕೆ ಅಲ್ಲಿಯವರೆಗೆ ಆಧಾರ ಸಿಕ್ಕಿಲ್ಲ ಎಂಬುದು ಒಂದು. ಎರಡು ಸಂದರ್ಭಗಳಲ್ಲಿ ತಂತ್ರಾಂಶದ ದೋಷದಿಂದ 76 ಶಾಖೆಗಳ ಲೆಕ್ಕ ಕೆಟ್ಟಿತ್ತು ಎಂಬುದು ಇನ್ನೊಂದು. ಸಂಸ್ಥೆ ಮೊದಲನೆಯದನ್ನು ಹಿಡಿದುಕೊಂಡಿತು, ಸದಸ್ಯರು ಎರಡನೆಯದನ್ನು. ಸುಮಾರು 150 ಮಂದಿ ಅರ್ಜಿ ಸಲ್ಲಿಸಿದ ಮಧ್ಯಸ್ಥಿಕೆಯ ಯೋಜನೆಯೊಂದು ಆರಂಭವಾಯಿತು. ಆದರೆ ಅಪರಾಧ ಸಾಬೀತಾದವರನ್ನು ಮಧ್ಯಸ್ಥಿಕೆಗೆ ಕೂರಿಸಲು ಸಂಸ್ಥೆಗೆ ಮನಸ್ಸಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಸದಸ್ಯರು ಯೋಜನೆಯಲ್ಲಿ ತಮಗೆ ವಿಶ್ವಾಸ ಉಳಿದಿಲ್ಲವೆಂದು ಬಹಿರಂಗವಾಗಿ ಸಾರಿದರು. ಅದೇ ತಿಂಗಳ 17ರಂದು ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ಚರ್ಚೆಯಲ್ಲಿ ಆರ್ಬತ್‌ನಾಟ್ ಅವರು, ಸಾರ್ವಜನಿಕರ ಹಣದಿಂದ ಸ್ಥಾಪಿಸಿದ ಯೋಜನೆಯನ್ನು ಸಂಸ್ಥೆ ತಾನೇ ಹಾಳುಗೆಡವಲು ಹೊರಟಿದೆಯೆಂದು ನೇರವಾಗಿ ಆರೋಪಿಸಿದರು. 2015ರ ಮಾರ್ಚ್‌ನಲ್ಲಿ ಸೆಕೆಂಡ್ ಸೈಟ್‌ನ ಕೆಲಸ ಕೊನೆಗೊಂಡಿತು. ಆರ್ಬತ್‌ನಾಟ್ ಅವರೂ ಆ ವರ್ಷ ಕಾಮನ್ಸ್ ಸಭೆಯಿಂದ ನಿವೃತ್ತರಾಗಿ ಲಾರ್ಡ್ಸ್ ಸಭೆಗೆ ಹೋದರು.

ಆರು ವರ್ಷಗಳ ಓಡಾಟದ ನಂತರ ಒಬ್ಬ ವರ್ತಕನ ಶಿಕ್ಷೆಯೂ ರದ್ದಾಗಿರಲಿಲ್ಲ, ಕಳೆದ ಹಣವೂ ಮರಳಿರಲಿಲ್ಲ. ಇದನ್ನು ಸೋಲೆಂದೇ ಎಣಿಸಬಹುದಿತ್ತು.

ಪ್ರತಿನಿಧಿಯಿಂದಾಗದ ಕೆಲಸ

ಶಿಕ್ಷೆಯನ್ನು ಅಳಿಸುವ ಅಧಿಕಾರ ನ್ಯಾಯಾಲಯದ್ದು. ಬೇಟ್ಸ್ ಅವರ ನೇತೃತ್ವದಲ್ಲಿ 555 ಮಂದಿ ಹೂಡಿದ ಸಾಮೂಹಿಕ ದಾವೆಯನ್ನು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫ್ರೇಸರ್ ಅವರು ಆಲಿಸಿದರು. ಕರಾರಿನ ಆ ಷರತ್ತಿಗೆ ಸಂಸ್ಥೆ ಕೊಡುತ್ತಿದ್ದ ಅರ್ಥ ತಪ್ಪೆಂದು 2019ರ ಮಾರ್ಚ್‌ನಲ್ಲಿಯೂ, ಹೊರೈಜನ್ ವ್ಯವಸ್ಥೆಯಲ್ಲಿನ ದೋಷಗಳಿಂದ ಶಾಖೆಗಳ ಲೆಕ್ಕದಲ್ಲಿ ಕೊರತೆ ಉಂಟಾಗಬಲ್ಲದೆಂದು ಡಿಸೆಂಬರ್‌ನಲ್ಲಿಯೂ ತೀರ್ಪು ಬಂದಿತು. ಸಂಸ್ಥೆ 57.75 ದಶಲಕ್ಷ ಪೌಂಡಿಗೆ ರಾಜಿಯಾಯಿತು. ಮೊತ್ತ ದೊಡ್ಡದಾಗಿ ಕಂಡರೂ ದಾವೆಗೆ ಬಂಡವಾಳ ಹಾಕಿದವರ ಪಾಲು ಮತ್ತು ವಕೀಲರ ಖರ್ಚು ಕಳೆದು ವರ್ತಕರಿಗೆ ಉಳಿದದ್ದು ತಲಾ ಸುಮಾರು 20,000 ಪೌಂಡ್ ಮಾತ್ರ. ಮನೆ ಮಾರಿಕೊಂಡವರಿಗೆ ಅದು ಯಾವ ಮೂಲೆಗೂ ಸಾಲದಾಯಿತು. 2021ರ ಏಪ್ರಿಲ್ 23ರಂದು ಮೇಲ್ಮನವಿ ನ್ಯಾಯಾಲಯ 39 ಮಂದಿಯ ಶಿಕ್ಷೆಗಳನ್ನು ಒಟ್ಟಿಗೆ ರದ್ದುಪಡಿಸಿತು. ಹ್ಯಾಮಿಲ್ಟನ್ ಮತ್ತು ಸೀಮಾ ಮಿಶ್ರಾ ಅವರಲ್ಲಿ ಸೇರಿದ್ದರು.

ಹಾಗಾದರೆ ಸಂಸತ್ ಸದಸ್ಯರ ಓಡಾಟ ವ್ಯರ್ಥವಾಯಿತೇ? ಸದಸ್ಯರು ಒತ್ತಾಯಿಸಿ ತರಿಸಿದ ಸೆಕೆಂಡ್ ಸೈಟ್ ವರದಿಗಳು ನಡೆದಿರದಿದ್ದರೆ, ತಂತ್ರಾಂಶದಲ್ಲಿ ದೋಷವಿತ್ತೆಂಬ ಮಾತು ಸಂಸ್ಥೆಯ ಹೊರಗೆ ಬರುತ್ತಿದ್ದುದು ಅನುಮಾನ. ಒಬ್ಬೊಬ್ಬರೇ ತಲೆತಗ್ಗಿಸಿ ಮನೆಯಲ್ಲಿ ಕುಳಿತಿದ್ದವರಿಗೆ ತಾವು ಒಂಟಿಯಲ್ಲವೆಂದು ತಿಳಿದದ್ದು ಸಂಘದಿಂದಲೂ ಸಂಸತ್ತಿನ ಈ ಸಭೆಗಳಿಂದಲೂ. ಅದು ತಿಳಿಯುವ ಮೊದಲೇ ಹಲವರಿಗೆ ಕಾಲ ಮಿಂಚಿತ್ತು. ಸರ್ ವಿನ್ ವಿಲಿಯಮ್ಸ್ ಅವರ ಸಾರ್ವಜನಿಕ ವಿಚಾರಣೆಯ ಮೊದಲ ಸಂಪುಟ 2025ರ ಜುಲೈನಲ್ಲಿ ಪ್ರಕಟವಾಯಿತು. ಕನಿಷ್ಠ 13 ಮಂದಿ ಈ ಕಾರಣದಿಂದ ಆತ್ಮಹತ್ಯೆ ಮಾಡಿಕೊಂಡಿರಬಹುದೆಂದು ಅದು ಹೇಳಿದೆ. ಎಲ್ಲ ಕ್ಷೇತ್ರಗಳ ಸದಸ್ಯರೂ ಆರ್ಬತ್‌ನಾಟ್ ಅವರಂತೆ ಕಿವಿಗೊಟ್ಟಿದ್ದರೆ ಎಂಬ ಪ್ರಶ್ನೆಯನ್ನು ಆ ದೇಶದವರೇ ಕೇಳಿಕೊಳ್ಳಬೇಕು.

2024ರ ಜನವರಿಯ ಮೊದಲ ವಾರದಲ್ಲಿ ಐಟಿವಿ ವಾಹಿನಿಯಲ್ಲಿ ಈ ಕಥೆಯನ್ನಾಧರಿಸಿದ ನಾಟಕ ನಾಲ್ಕು ರಾತ್ರಿ ಪ್ರಸಾರವಾಯಿತು. ಹದಿನೈದು ವರ್ಷಗಳ ಪತ್ರ, ಪ್ರಶ್ನೆ, ಚರ್ಚೆಗಳಿಂದ ಆಗದ ಸಾರ್ವಜನಿಕ ಆಕ್ರೋಶ ಒಂದೇ ವಾರದಲ್ಲಿ ಎದ್ದಿತು. ಸಂಸತ್ತು ಹಿಂದೆಂದೂ ಮಾಡದ ಕೆಲಸವೊಂದನ್ನು ಮಾಡಿತು: ಶಿಕ್ಷೆಗಳನ್ನು ಶಾಸನದ ಮೂಲಕವೇ ಸಾರಾಸಗಟಾಗಿ ರದ್ದುಪಡಿಸುವ ಮಸೂದೆಗೆ 2024ರ ಮೇ 24ರಂದು ರಾಜರ ಅಂಕಿತ ದೊರೆಯಿತು. ಯಾರೂ ಅರ್ಜಿ ಸಲ್ಲಿಸಬೇಕಾಗಿರಲಿಲ್ಲ. ಮೇಲ್ಮನವಿಗೆ ಹಣವಿಲ್ಲದವರು, ವ್ಯವಸ್ಥೆಯ ಮೇಲೆ ನಂಬಿಕೆ ಕಳೆದುಕೊಂಡು ಯಾವ ಬಾಗಿಲನ್ನೂ ತಟ್ಟದಿದ್ದವರು, ಎಲ್ಲರಿಗೂ ಅದು ಅನ್ವಯಿಸಿತು. ಆದರೆ ಮೇಲ್ಮನವಿ ನ್ಯಾಯಾಲಯದಲ್ಲಿ ಈಗಾಗಲೇ ಸೋತಿದ್ದವರು ಈ ಶಾಸನದ ಹೊರಗೆ ಉಳಿದರು.

ಪರಿಹಾರದ ಹಂಚಿಕೆಯನ್ನು ನೋಡಿಕೊಳ್ಳುವ ಸಲಹಾ ಮಂಡಳಿಯಲ್ಲಿ ಆರ್ಬತ್‌ನಾಟ್ ಮತ್ತು ಜೋನ್ಸ್ ಇಬ್ಬರಿಗೂ ಸ್ಥಾನ ಸಿಕ್ಕಿತು. ನಾಟಕ ಪ್ರಸಾರವಾದ ಬಳಿಕ ಜೋನ್ಸ್ ಅವರ ಬಳಿಗೆ ಇನ್ನೊಂದು ಬಗೆಯ ವರ್ತಕರು ಬರತೊಡಗಿದರು. ಇವರು ಹೊರೈಜನ್ ಬರುವುದಕ್ಕೆ ಮೊದಲು, 1990ರ ದಶಕದಲ್ಲಿ, ಕ್ಯಾಪ್ಚರ್ ಎಂಬ ಹಳೆಯ ತಂತ್ರಾಂಶವನ್ನು ಬಳಸಿದವರು. ಅವರಿಗೂ ಕಾರಣ ತಿಳಿಯದ ಕೊರತೆ, ಅವರಿಗೂ ಮೊಕದ್ದಮೆ. ಜೋನ್ಸ್ ಅವರು ಹಳೆಯ ಕಾಗದಪತ್ರಗಳನ್ನು ಕೂಡಿಸಿ ಸರ್ಕಾರದ ಮುಂದಿಟ್ಟರು. ಸರ್ಕಾರ ನೇಮಿಸಿದ ಕ್ರೋಲ್ ಸಂಸ್ಥೆಯ ವರದಿ 2024ರ ಶರತ್ಕಾಲದಲ್ಲಿ ಪ್ರಕಟವಾಯಿತು. ಕ್ಯಾಪ್ಚರ್ ತಂತ್ರಾಂಶದಿಂದ ಲೆಕ್ಕದಲ್ಲಿ ಕೊರತೆ ಉಂಟಾಗಿದ್ದಿರಬಹುದಾದ ಸಾಧ್ಯತೆಯಿದೆ ಎಂದು ಅದು ತಿಳಿಸಿತು. ಅಷ್ಟರಲ್ಲಿ ಜೋನ್ಸ್ ಅವರೂ ಕಾಮನ್ಸ್ ಸಭೆಯನ್ನು ಬಿಟ್ಟು ಲಾರ್ಡ್ಸ್ ಸಭೆಗೆ ಹೋಗಿದ್ದರು; ಕ್ಯಾಪ್ಚರ್ ಕಡತವನ್ನು ಅವರು ಅಲ್ಲಿಗೂ ಕೊಂಡೊಯ್ದರು.